ಪಡಸಾಲೆಯ ಪೆಸಿಫಿಕ್

ಗೋಡೆಯ ಮೇಲಿನ ನಕ್ಷೆಗೆ ಅಕ್ಕ ವಿಭೂತಿ ಹಚ್ಚಿದ್ದು ಕಲ್ಯಾಣಕುಮಾರನ ಕಣ್ಣಿಗೆ ಬಿದ್ದದ್ದು ಪಂಚಮಿಯ ಬೆಳಗ್ಗೆ, ಮುಖ ತೊಳೆದು ಟವೆಲ್ಲಿನಿಂದ ಕಿವಿ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದಾಗ. ಗಾಜಿನ ಮೇಲ್ತುದಿಯಲ್ಲಿ ಮೂರು ಬೆರಳಿನ ಮೂರು ಗೆರೆ, ಸರಿಯಾಗಿ ನಕ್ಷೆ ಬರೆದ ಬ್ರಿಟಿಷ್ ಕಪ್ತಾನನ ಹೆಸರಿನ ಮೇಲೆಯೇ ಬಿದ್ದಿದ್ದವು. ಯಾವುದೋ ಕಾಲದಲ್ಲಿ ಹಡಗು ಹತ್ತಿ ಹೋಗಿ, ಪೆಸಿಫಿಕ್ ಸಾಗರದ ನಡುವಿನ ಒಂದು ದ್ವೀಪವನ್ನು ಸುತ್ತುಹಾಕಿ, ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ನೀರಿನ ಆಳ ಅಳೆದು ಬರೆದುಕೊಂಡ ಆ ಮನುಷ್ಯ, ಅಫಜಲಪುರದ ಒಂದು ಮನೆಯಲ್ಲಿ ಹೀಗೆ ಲಿಂಗವಂತನಾಗುತ್ತೇನೆಂದು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಒರೆಸಿಬಿಡೋಣವೆಂದು ಕಲ್ಯಾಣಕುಮಾರ ಟವೆಲ್ಲು ಎತ್ತಿದ. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಗೌರಾಬಾಯಿ ನಕ್ಕದ್ದು ಕೇಳಿಸಿತು. ಶೇಂಗಾ ಉಂಡಿ ಕಟ್ಟುವಾಗ ಅವನ ಹೆಂಡತಿ ವಿಜಯಶ್ರೀಯ ಕೈಯಲ್ಲಿ ಒಂದು ಪುಡಿಯಾಗಿರಬೇಕು. ಅಕ್ಕನಿಗೆ ಅಂಥದ್ದಕ್ಕೆಲ್ಲ ನಗು ಬರುತ್ತದೆ, ಅವ್ವನಿಗೂ ಬರುತ್ತಿತ್ತು, ಎದೆಯ ಮೇಲೆ ಕೈ ಇಟ್ಟುಕೊಂಡು ನಗುವ ನಗು. ಈ ಮನೆ ಕಟ್ಟಿದ ಮೇಲೆ ಇದರೊಳಗೆ ಆ ನಗು ಇದುವರೆಗೂ ಕೇಳಿರಲಿಲ್ಲ. ಅವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ.

ಆ ನಕ್ಷೆ ಅಲ್ಲಿಗೆ ಬಂದದ್ದು ಅವನ ಅಭಿರುಚಿಗೆ ಸಾಕ್ಷಿಯಾಗಿ. ಕಾಲೇಜಿನಲ್ಲಿ ಭೂಗೋಳ ಹೇಳುವ ಮನುಷ್ಯ ಹೊಸ ಮನೆ ಕಟ್ಟಿಸಿ, ಎಲ್ಲರ ಹಾಗೆ ತಾನೂ ಗೋಡೆಗೆ ಜಲಪಾತವನ್ನೋ ಓಡುವ ಬಿಳಿ ಕುದುರೆಗಳನ್ನೋ ಅಂಟಿಸಿಬಿಟ್ಟರೆ, ಅವನಿಗೂ ಹವಳಗಾದ ಫ್ಯಾಕ್ಟರಿಗೆ ಕಬ್ಬು ಸಾಗಿಸಿ ಬಂಗಲೆ ಎಬ್ಬಿಸಿದವರಿಗೂ ಏನು ಅಂತರ ಉಳಿಯಿತು? ಹಿಂದೊಮ್ಮೆ ಪುಣೆಗೆ ತರಬೇತಿಗೆ ಹೋದಾಗ ಒಬ್ಬ ಪ್ರೊಫೆಸರರ ಫ್ಲ್ಯಾಟಿನಲ್ಲಿ ಇಂಥದೊಂದನ್ನು ನೋಡಿದ್ದ. ಹಳೆಯ ಕಾಲದ ನೌಕಾನಕ್ಷೆ, ಕೆಳಗೆ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಹಾಲಿಲ್ಲದ ಚಹಾ ಕುಡಿಯುತ್ತ ಕೂತ ಮನೆಯೊಡತಿ. ಅದನ್ನು ಹೊಗಳಬೇಕೋ ಸುಮ್ಮನಿರಬೇಕೋ ತಿಳಿಯದೆ ಅವನು 'ಸ್ಕೇಲ್ ಎಷ್ಟು ಮೇಡಂ?' ಎಂದು ಕೇಳಿ, ಅವಳು ನಕ್ಕು, ಆ ನಗು ವರ್ಷಗಟ್ಟಲೆ ಅವನ ಬೆನ್ನು ಬಿಟ್ಟಿರಲಿಲ್ಲ. ಹಾಗಾಗಿ ಮನೆಯಾದ ಮೇಲೆ ಆನ್‌ಲೈನಿನಲ್ಲಿ ಹುಡುಕಿ ಹುಡುಕಿ ತರಿಸಿದ. ಕೊಳವೆಯಲ್ಲಿ ಸುರುಳಿ ಸುತ್ತಿಕೊಂಡು ಬಂದ ಕಾಗದ ಹೊಚ್ಚ ಹೊಸದು, ಚಹಾ ಚೆಲ್ಲಿ ಒಣಗಿಸಿದ ಬಣ್ಣ ಮಾತ್ರ ಹಳೆಯದು. ನಡುವೆ ಅಂಕುಡೊಂಕು ದ್ವೀಪ, ಸುತ್ತ ಹವಳದ ದಿಬ್ಬಗಳ ಚುಕ್ಕೆಗೆರೆ, ಅದರಾಚೆ ನೀರು, ನೀರಿನ ತುಂಬ ಸಣ್ಣ ಸಣ್ಣ ಅಂಕಿಗಳು. ಒಂದೊಂದು ಅಂಕಿಯೂ ಆ ಜಾಗದಲ್ಲಿ ಸಮುದ್ರ ಎಷ್ಟು ಮಾರು ಆಳವೆಂದು ಹೇಳುತ್ತದೆ. ಕಟ್ಟು ಹಾಕಿಸಲು ಕಲಬುರಗಿಗೆ ಒಯ್ದಾಗ ಫ್ರೇಮಿನ ಬುರಾನುದ್ದೀನ ಬಗ್ಗಿ ನೋಡಿ, ಯಾವೂರ ಹೊಲದ್ದರಿ ಸರ್ ಇದು, ಎಂದು ಕೇಳಿದ್ದ. ಆ ಮಾತನ್ನು ಕಲ್ಯಾಣಕುಮಾರ ಸ್ಟಾಫ್ ರೂಮಿನಲ್ಲಿ ಎರಡೆರಡು ಸಲ ಹೇಳಿ ನಗಿಸಿದ. ಇಂಗ್ಲಿಷಿನ ಧಮ್ಮಪಾಲ ಬೇಕಾದ್ದಕ್ಕಿಂತ ಹೆಚ್ಚೇ ನಕ್ಕ. ಆದರೆ ಗೃಹಪ್ರವೇಶದ ದಿನ ಅದೇ ಧಮ್ಮಪಾಲ ನಕ್ಷೆಯ ಮುಂದೆ ನಿಂತು, ಭಾರೀ ಅದ, ಎಂದು ಹೇಳಿ, ಬಾತ್‌ರೂಮಿನ ಟೈಲ್ಸ್ ಎಲ್ಲಿ ತಂದಿರಿ ಎಂದು ವಿಚಾರಿಸಿದ. ಅತಿಥಿಗಳು ಕೇಳಿದರೆ ಹೇಳಲೆಂದು ಕಲ್ಯಾಣಕುಮಾರ ಸಿದ್ಧಮಾಡಿಟ್ಟುಕೊಂಡಿದ್ದ ಪುಟ್ಟ ಉಪನ್ಯಾಸವನ್ನು ಯಾರೂ ಕೇಳಲಿಲ್ಲ.

ಕೇಳಿದವಳು ಅಕ್ಕ ಒಬ್ಬಳೇ. ಅದೂ ಹೋದ ತಿಂಗಳು, ಜೇವರ್ಗಿ ಕಡೆಯಿಂದ ಗಂಡನ ಜೊತೆ ಮೈದುನನ ಮಗಳ ಮದುವೆಯ ಕಾರ್ಡು ಹಂಚುತ್ತ ಬಂದವಳು, ಹೊಸ್ತಿಲಾಚೆಯಿಂದಲೇ ಕಾರ್ಡು ಕೊಟ್ಟು ಹೋಗುವ ಲೆಕ್ಕದಲ್ಲಿದ್ದಳು. ಗೃಹಪ್ರವೇಶಕ್ಕೂ ಬರದಿದ್ದವಳು. ಪಂಚಮಿಗೆಂದು ಅವನು ಕರೆಯಲು ಹೋದಾಗಲೆಲ್ಲ ಮೈಯಲ್ಲಿ ಹುಷಾರಿಲ್ಲವೆಂದು ಗಂಡನ ಬಾಯಿಂದ ಹೇಳಿಸಿದವಳು. ನೀರು ಬೇಡಿದ್ದಕ್ಕೆ ವಿಜಯಶ್ರೀ ಒಳಗೆ ಕರೆದಳು. ತಂಬಿಗೆ ಎತ್ತಿ ಕುಡಿಯುತ್ತಿದ್ದ ಅಕ್ಕ ತಂಬಿಗೆಯ ಅಂಚಿನ ಮೇಲಿಂದ ಗೋಡೆ ನೋಡಿದಳು. ಕುಡಿಯುವುದನ್ನು ನಿಲ್ಲಿಸಿದಳು. ನೀರು, ನೀರಿನ ನಡುವೆ ಉಳಿದ ತುಂಡು ದಿಬ್ಬ, ನೀರಿನ ಕೆಳಗೆ ಹೋದ ಸರ್ವೆ ನಂಬರುಗಳು. ಭೀಮೆಗೆ ಬ್ಯಾರೇಜು ಕಟ್ಟಿ ಊರು ಮುಳುಗಿದವರ ಕಣ್ಣಿಗೆ ಅದು ಬೇರೆ ಯಾವುದಾಗಿ ಕಾಣಬೇಕಿತ್ತು? "ಇದು ನಮ್ಮ ಊರು ಅಲ್ಲೇನೋ ಕಲ್ಯಾಣಿ," ಎಂದಳು. ಅಕ್ಕ ತನ್ನನ್ನು ಕಲ್ಯಾಣಿ ಎಂದು ಕರೆದು ಎಷ್ಟೋ ಕಾಲವಾಗಿತ್ತು. ಆ ಹೆಸರಿಗೆ ಓಗೊಡುವ ಭರದಲ್ಲಿ ಅವನು ಹೂಂ ಅಂದುಬಿಟ್ಟ. ಕರೆದದ್ದಕ್ಕೆ ಹೂಂ ಅಂದೆನೋ ಕೇಳಿದ್ದಕ್ಕೆ ಹೂಂ ಅಂದೆನೋ ಎಂದು ಆಮೇಲೆ ಎಷ್ಟು ವಾದಿಸಿಕೊಂಡರೂ, ಅಕ್ಕ ಅಷ್ಟರಲ್ಲಿ ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡು, ಈ ಸಲ ಪಂಚಮಿಗೆ ಬರ್ತೇನಿ ಎಂದು ಹೇಳಿ ಆಗಿತ್ತು.

ಅವ್ವನನ್ನು ಮಣ್ಣು ಮಾಡಿದ್ದು ಊರ ಹೊಲದಲ್ಲಿ, ಬದುವಿನ ಪಕ್ಕ, ಬೇವಿನ ಗಿಡದ ಹತ್ತಿರ. ಆಗ ಅವನು ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದ. ಗದ್ದಿಗೆಗೆಂದು ತೋಡಿದ ಸಮಾಧಿಯ ಕುಣಿಯ ಮುಂದೆ ನಿಂತ ಆ ಹೊತ್ತಿನದು ಈಗ ನೆನಪಾಗುವುದೆಂದರೆ ತನ್ನ ಹೊಸ ಬೂಟು, ಬೂಟಿಗೆ ಮೆತ್ತಿದ ಎರೆಮಣ್ಣು, ಅದನ್ನು ಕಲ್ಲಿಗೆ ಉಜ್ಜಬೇಕೆಂಬ ತಳಮಳ. ಅಪ್ಪ ಹೋದದ್ದು ಆಮೇಲೆ. ಆತನನ್ನು ಎತ್ತರದ ಜಾಗದಲ್ಲಿ, ಹೊಸ ಊರಿನ ಕಡೆಯೇ ಮಣ್ಣು ಮಾಡಿದ್ದರು, ನೀರು ಬರುವ ಸುದ್ದಿ ಅಷ್ಟರಲ್ಲಿ ಖಚಿತವಾಗಿತ್ತು. ಗೇಟು ಇಳಿಸುತ್ತಾರೆಂದು ಡಂಗುರವಾದಾಗ ಊರವರು ತಮ್ಮ ತಮ್ಮ ಹಿರಿಯರ ಗದ್ದಿಗೆಯಿಂದ ಒಂದೊಂದು ಹಿಡಿ ಮಣ್ಣು ತೆಗೆದು ಬಟ್ಟೆಯಲ್ಲಿ ಕಟ್ಟಿಕೊಂಡು ಹೊಸ ಊರಿಗೆ ಒಯ್ದರು. ಮಗ ತೆಗೆಯಬೇಕು, ಮಗಳಲ್ಲ, ಎಂದು ಯಾರೋ ಅಂದದ್ದಕ್ಕೆ ಅಕ್ಕ ಫೋನು ಮಾಡಿದಳು. ಅವನು ಪುಣೆಯ ತರಬೇತಿಯಲ್ಲಿದ್ದ. ಐತವಾರ ಬರ್ತೇನಿ ಅಂದ. ನೀರು ಅವನ ಐತವಾರಕ್ಕೆ ಕಾಯಲಿಲ್ಲ. ಪ್ರೊಫೆಸರರ ಮನೆಯಲ್ಲಿ ಗೋಡೆಯ ಮೇಲಿನ ಸಮುದ್ರ ನೋಡುತ್ತ ಅದರ ಸ್ಕೇಲು ಕೇಳಿದ ಆ ಸಂಜೆಯೇ ಇಲ್ಲಿ ಬದುವಿನ ಮೇಲೆ ನೀರು ಏರಿತ್ತೆಂಬುದು ಊರಿಗೆ ಬಂದ ಮೇಲೆ ತಿಳಿಯಿತು. ಅಕ್ಕ ಬೈಯಲಿಲ್ಲ, ಬರುವುದನ್ನು ಬಿಟ್ಟಳು.

ಈಗ ಹೇಳಿಬಿಡುತ್ತೇನೆ ಎಂದುಕೊಂಡು ಅವನು ಅಡುಗೆಮನೆಯ ಬಾಗಿಲಿಗೆ ಹೋದ. ಇಂದು ಹೇಳಲೇಬೇಕಾಗಿತ್ತು. ನಿನ್ನೆ ಸಂತೆಯಲ್ಲಿ ಕೊಬ್ಬರಿ ಕೊಳ್ಳುವಾಗ ಅಕ್ಕನಿಗೆ ಹಳೇ ಊರಿನ ಮಾಳಿಂಗಪ್ಪ ಸಿಕ್ಕಿದ್ದ, ಬದುವಿನ ಆಚೆ ಹೊಲದವನು, ಅಪ್ಪನ ಜೀವಮಾನದ ವೈರಿ. ನಮ್ಮ ಮನ್ಯಾಗ ಊರ ನಕಾಶಿ ಅದ, ನೋಡಾಕ ಬಾ, ಎಂದು ಅಕ್ಕ ಅವನನ್ನು ಕರೆದು ಬಂದಿದ್ದಳು. ಅಕ್ಕ ಒಬ್ಬಳನ್ನು ನಂಬಿಸುವುದು ಬೇರೆ. ಊರಿನ ಅಂಗುಲ ಅಂಗುಲಕ್ಕೂ ಕೋರ್ಟಿಗೆ ಹೋಗಿದ್ದ ಮನುಷ್ಯ ಬಂದು ಒಂದು ಸಲ ನೋಡಿದರೆ ಮುಗಿಯಿತು. ಬಾಗಿಲಲ್ಲಿ ನಿಂತ ತಮ್ಮನ ಕೈಗೆ ಅಕ್ಕ ಒಂದು ಎಳ್ಳುಂಡಿ ಇಟ್ಟಳು. ಇಟ್ಟು, ಕೈ ತೊಳೆಯದೆ, ಅವನ ಮುಖ ನೋಡಿದಳು.

"ನಿನ್ನ ಬಗ್ಗೆ ನಾ ಮಂದಿ ಮುಂದ ಏನೇನು ಆಡೇನಿ ನಿನಗ ಗೊತ್ತಿಲ್ಲ. ಕಲ್ತವಗ ಅವ್ವ ಯಾತಕ್ಕ ಬೇಕು ಅಂದೇನಿ. ನೀ ಮನ್ಯಾಗ ದಿನಾ ಕಾಣೂವಂಗ ಊರ ಹಚ್ಚಿಕೊಂಡು ಕುಂತೀದಿ. ಇನ್ನ ನನ್ನ ಹೊಟ್ಟ್ಯಾಗ ಏನೂ ಇಲ್ಲಪ್ಪ."

ಉಂಡಿ ಅವನ ಬಾಯಲ್ಲಿತ್ತು. ಬಾಯಲ್ಲಿ ಉಂಡಿ ಇಟ್ಟುಕೊಂಡು ಯಾರಾದರೂ ಸತ್ಯ ಹೇಳಿದ್ದುಂಟೇ ಎಂದು ತನಗೆ ತಾನೇ ವಕೀಲಿ ಮಾಡಿಕೊಂಡ. ನುಂಗಿ, ಇನ್ನೊಂದಕ್ಕೆ ಕೈ ಚಾಚಿದ. ಅವನಿಗೆ ಈ ಕ್ಷಮೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂಬುದು ಅದು ಸಿಕ್ಕ ಮೇಲೆಯೇ ಗೊತ್ತಾದದ್ದು. ಮನೆ ಕಟ್ಟಿದ್ದು, ಮುಂಬಡ್ತಿಗೆ ಓಡಾಡಿದ್ದು, ಜಿಡಗಾದ ಮಠಕ್ಕೆ ಹೋಗಿ ಉದ್ದುದ್ದ ಅಡ್ಡಬಿದ್ದದ್ದು, ಯಾವುದರಿಂದಲೂ ಎದೆಯೊಳಗಿನ ಆ ಹಳೇ ಹುಣ್ಣು ಆರಿರಲಿಲ್ಲ. ಈಗ ಡಿಸ್ಕೌಂಟಿನಲ್ಲಿ ಕೊಂಡ ಒಂದು ಕಾಗದ ಅದನ್ನು ಆರಿಸುತ್ತಿತ್ತು. ಹಿತ್ತಲಲ್ಲಿ ಹೆಂಡತಿಯನ್ನು ಹಿಡಿದು ಪಿಸುಮಾತಿನಲ್ಲಿ ಏನು ಮಾಡಲಿ ಎಂದು ಕೇಳಿದ. ವಿಜಯಶ್ರೀಗೆ ಆ ನಕ್ಷೆ ಮೊದಲಿಂದಲೂ ಸೇರಿರಲಿಲ್ಲ, ಆ ಜಾಗದಲ್ಲಿ ಒಂದು ಗಡಿಯಾರ ಹಾಕಬೇಕೆಂದು ಅವಳ ಆಸೆ. "ಹೇಳಿದ್ರ ಅಕಿ ಎದ್ದು ಹೋಗ್ತಾಳ, ಹೇಳದಿದ್ರ ನೀವು ಸೊರಗ್ತೀರಿ," ಎಂದಳು ಅವಳು. "ಏನರೆ ಮಾಡ್ರಿ, ಮೊದಲ ಹೋಗಿ ಹಾಲು ತರ್ರಿ."

ಹಾಲು ತಂದು ಒಳಬರುವಷ್ಟರಲ್ಲಿ ಮಾಳಿಂಗಪ್ಪ ಬಂದಿದ್ದ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು, ತಲೆಯ ಪಟಗ ಬಿಚ್ಚಿ ಕೈಯಲ್ಲಿ ಹಿಡಿದು ನಕ್ಷೆಯ ಮುಂದೆ ನಿಂತಿದ್ದ. ಬರ್ರಿ ಮಾಸ್ತರ, ಎಂದ. ಕಾಲೇಜಿನ ಪ್ರಾಧ್ಯಾಪಕನನ್ನು ಮಾಸ್ತರ ಎಂದದ್ದು ಬೇರೆ ದಿನವಾಗಿದ್ದರೆ ಚುಚ್ಚುತ್ತಿತ್ತು, ಇಂದು ಚುಚ್ಚಿಸಿಕೊಳ್ಳಲು ಪುರಸೊತ್ತಿರಲಿಲ್ಲ. ಮಾಳಿಂಗಪ್ಪನಿಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಮಾತ್ರ ಬರುತ್ತಿತ್ತು. ಇಪ್ಪತ್ತು ವರ್ಷ ಕೋರ್ಟು ಅಲೆದವನಿಗೆ ಸರ್ವೆ ನಂಬರು ಓದಲು ಯಾರೂ ಕಲಿಸಬೇಕಿಲ್ಲ. ಮಾಳಿಂಗಪ್ಪನ ಬೆರಳು ಗಾಜಿನ ಮೇಲೆ ನಿಧಾನವಾಗಿ ಸರಿದು, ದ್ವೀಪದ ಉತ್ತರಕ್ಕೆ, ದಿಬ್ಬದ ಚುಕ್ಕೆಗೆರೆ ದಾಟಿ, ಮೂವತ್ತೆಂಟು ಎಂಬ ಅಂಕಿಯ ಮೇಲೆ ನಿಂತಿತು. ಇದು ನಂದು, ಎಂದ. ಎಷ್ಟೋ ಹೊತ್ತು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

ಆಮೇಲೆ ಅಕ್ಕ, ನಮ್ಮದು ಎಲ್ಲಿ, ಎಂದಳು. ಅವರದು ಮೂವತ್ತೊಂಬತ್ತು. ಮೂವತ್ತೆಂಟರ ಮಗ್ಗುಲಿಗೆ ಐವತ್ತೆರಡು ಇತ್ತು; ಮೂವತ್ತೊಂಬತ್ತು ಹುಡುಕಿದರೆ ದ್ವೀಪದ ತೀರಾ ಕೆಳಗಡೆ ಸಿಕ್ಕಿತು, ನಡುವೆ ಊರಿಗೆ ಊರೇ ಅಡ್ಡ. ಮಾಳಿಂಗಪ್ಪ ಹುಬ್ಬು ಗಂಟಿಕ್ಕಿದ. ಈಗ ಸತ್ಯ ತಾನಾಗಿಯೇ ಹೊರಬೀಳುತ್ತದೆ, ತಾನು ಬರಿ ತಲೆ ತಗ್ಗಿಸಿದರೆ ಸಾಕು, ಎಂದು ಕಲ್ಯಾಣಕುಮಾರನಿಗೆ ಒಂದು ಗಳಿಗೆ ನಿರಾಳವೂ ಆಯಿತು. ಆದರೆ ಅಕ್ಕ ಅವನ ಕಡೆ ತಿರುಗಿದ್ದಳು, ಮುಖದಲ್ಲಿ ಎಷ್ಟು ನಂಬಿಕೆಯಿತ್ತೆಂದರೆ ಅವನ ಬಾಯಿ ತಾನೇ ತೆರೆದುಕೊಂಡಿತು. ಇವು ನಿಜಾಮನ ಕಾಲದ ಮೋಜಣಿಯ ನಂಬರುಗಳು, ಆಮೇಲೆ ಬದಲಾದವು, ಮಾಳಿಂಗಪ್ಪನದು ಅಕಸ್ಮಾತ್ ಅದೇ ಉಳಿಯಿತು, ನಮ್ಮ ಹೊಲಕ್ಕೆ ಆಗ ಐವತ್ತೆರಡು ಅಂತಿತ್ತು. ಹೀಗೆ ಹೇಳುವಾಗ ತನ್ನ ದನಿ ಎಷ್ಟು ಸಲೀಸಾಗಿದೆಯೆಂದು ಅವನಿಗೇ ಹೆದರಿಕೆಯಾಯಿತು. ಸುಳ್ಳಿಗೆ ಬೇಕಾದ ಎಲ್ಲ ತಯಾರಿಯನ್ನೂ ವಿದ್ಯಾಭ್ಯಾಸ ಅವನಿಗೆ ಕೊಟ್ಟಿತ್ತು.

ಹಾಗಾದರೆ ಬದು ಯಾವುದು, ಎಂದ ಮಾಳಿಂಗಪ್ಪ. ಕಲ್ಯಾಣಕುಮಾರ ಹವಳದ ದಿಬ್ಬದ ಚುಕ್ಕೆಗೆರೆ ತೋರಿಸಿದ. ತೋರಿಸಿದ ಮೇಲೆ ತಪ್ಪು ಗೊತ್ತಾಯಿತು. ಬದು ಅದಾದರೆ ಎರಡು ಅಂಕಿಗಳೂ ಒಂದೇ ಮಗ್ಗುಲಿಗೆ ಬಂದವು, ಅದರಲ್ಲೂ ಬದುವಿಗೆ ಹತ್ತಿರದ್ದು ಮೂವತ್ತೆಂಟು. ಬದುವಿನ ಪಕ್ಕದ ಬೇವಿನ ಗಿಡ, ಗಿಡದ ಹತ್ತಿರದ ಗದ್ದಿಗೆ, ಎಲ್ಲವೂ ಸೀದಾ ಮೂವತ್ತೆಂಟರ ಪಾಲಿಗೆ ಹೋದವು. ಮಾಳಿಂಗಪ್ಪನ ಕಣ್ಣು ಸಣ್ಣಗಾದವು. "ನಾ ಅವತ್ತಿಂದ ಹೇಳಾಕತ್ತೇನಿ," ಎಂದ, "ನಿಮ್ಮಪ್ಪ ಮಾರುದ್ದ ಬದು ಸರಿಸಿ, ಅದು ತನ್ನದ ಅಂತ ತೋರಸಾಕ ಹೆಂಡತಿನ್ನ ನನ್ನ ಹೊಲದಾಗ ಮಲಗಿಸ್ಯಾನಂತ." ಅಕ್ಕ ಎದ್ದು ನಿಂತಳು. ನೀರು ಬಂದು ಮುಗಿಸಿದ್ದ ಖಟ್ಲೆ ಪೆಸಿಫಿಕ್ ಸಾಗರದಲ್ಲಿ ಮತ್ತೆ ಶುರುವಾಯಿತು. ಬಾಂದಗಲ್ಲು ಕಿತ್ತವರು ಯಾರು, ಎತ್ತು ಮೇಯಲು ಬಿಟ್ಟವರು ಯಾರು, ತಹಶೀಲದಾರ ಬಂದಾಗ ಯಾರ ಮನೆಯಲ್ಲಿ ಊಟ ಮಾಡಿದ, ಒಂದೊಂದೂ ಹೊರಬಂತು. ಇಬ್ಬರೂ ಗಾಜಿಗೆ ಬೆರಳು ಕುಟ್ಟಿ ಕುಟ್ಟಿ ಮಾತಾಡುತ್ತಿದ್ದರು. ವಿಜಯಶ್ರೀ ಚಹಾ ತಂದವಳು ತಟ್ಟೆ ಹಿಡಿದುಕೊಂಡೇ ನಿಂತಳು.

ಮಾಸ್ತರ ನೀವ ಹೇಳ್ರಿ, ಎಂದ ಮಾಳಿಂಗಪ್ಪ. ಕಲ್ಯಾಣಕುಮಾರ ಸರಸರ ನಡೆದು ಕಟ್ಟಿಗೆಯ ಸ್ಕೇಲು ತಂದ. ಏಕೆ ತಂದನೋ ಅವನಿಗೆ ಗೊತ್ತಿಲ್ಲ. ಇಲ್ಲಿ ನೋಡ್ರಿ, ಉತ್ತರ ದಿಕ್ಕು ಇದು, ಎಂದು ದಿಕ್ಕು ತೋರಿಸುವ ಚಕ್ರದ ಮೇಲೆ ಸ್ಕೇಲು ಇಟ್ಟ. ನಕ್ಷೆಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇಷ್ಟು ವ್ಯತ್ಯಾಸವಿದೆ, ಆದ್ದರಿಂದ ಬದು ಹೀಗೆ ಓರೆಯಾಗಿ ಬರಬೇಕು, ಗೆರೆ ಎಳೆದರೆ ಗದ್ದಿಗೆ ನಮ್ಮ ಕಡೆ ಬೀಳುತ್ತದೆ, ಎಂದು ಏರುದನಿಯಲ್ಲಿ ಸಾಧಿಸತೊಡಗಿದ. ತರಗತಿಯಲ್ಲಿ ಅವನು ಇಷ್ಟು ಚೆನ್ನಾಗಿ ಪಾಠ ಮಾಡಿದ್ದೇ ಇಲ್ಲ. ತನ್ನ ಕೊರಳಿಂದ ಬರುತ್ತಿರುವುದು ಅಪ್ಪನ ದನಿ, ಅಪ್ಪ ಬದುವಿನ ಮೇಲೆ ನಿಂತು ಕೂಗುತ್ತಿದ್ದ ಅದೇ ದನಿ, ಎಂದು ನಡುವೆ ಹೊಳೆಯಿತು, ನಿಲ್ಲಿಸಲಾಗಲಿಲ್ಲ. ಹೊಲ ಇದ್ದಾಗ ಒಂದು ದಿನವೂ ಈ ಜಗಳಕ್ಕೆ ಬರದೆ, ಹಳ್ಳಿಯ ರಗಳೆ ಎಂದು ಓದಿನ ನೆಪದಲ್ಲಿ ದೂರ ಉಳಿದಿದ್ದ ಮಗ, ಈಗ ಇಲ್ಲದ ಬದುವಿಗಾಗಿ ಬೆವರುತ್ತಿದ್ದ. ಅವ್ವ ನಮ್ಮ ಹೊಲದಲ್ಲಿಯೇ ಇದ್ದಾಳೆ ಎಂದು ಕೂಗುವಾಗ ಅವನಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮಾಳಿಂಗಪ್ಪ ಸ್ಕೇಲನ್ನೇ ನೋಡುತ್ತಿದ್ದವನು ಕುರ್ಚಿಯಲ್ಲಿ ಕೂತುಬಿಟ್ಟ. "ಆಗಲಿ ಮಾಸ್ತರ, ನೀವ ಗೆದ್ರಿ," ಎಂದ. "ಇನ್ನ ಯಾರಿಗಿ ಹೇಳೂದೈತಿ. ಖರೇ ಹೇಳ್ತೇನಿ ಕೇಳ್ರಿ, ಆ ಗದ್ದಿಗಿ ಸುತ್ತ ನಾ ಎಂದೂ ಕುಂಟಿ ಹೊಡದಿಲ್ಲ. ನನ್ನ ಹೊಲಾನ ಅಂತ ಬಡದಾಡ್ತಿದ್ದೆ, ಆದ್ರ ಎತ್ತು ಅಲ್ಲಿಗಿ ಬಂದ ಕೂಡ್ಲೇ ಹೊರಳಸ್ತಿದ್ದೆ. ಅಲ್ಲಿ ಕಸ ಬೆಳೀತಿತ್ತು. ಅದನ್ನ ನೋಡಿ ನಿಮ್ಮಪ್ಪ, ನಮ್ಮಾಕಿ ಮ್ಯಾಲ ಕಸ ಬೆಳಿಸ್ಯಾನಂತ ನನಗ ಬೈತಿದ್ದ."

ಅಕ್ಕ ಒಳಗೆ ಹೋಗಿ ಒಂದು ತಾಟಿನಲ್ಲಿ ಉಂಡಿ, ಹುರಿದ ಜೋಳದ ಅಳ್ಳು ತಂದು ಅವನ ಮುಂದಿಟ್ಟಳು. ಅವನು ತಿಂದ, ಚಹಾ ಕುಡಿದ, ಮಕ್ಕಳಿಗೆಂದು ಅಕ್ಕ ಕಟ್ಟಿಕೊಟ್ಟದ್ದನ್ನು ಪಟಗದ ತುದಿಗೆ ಗಂಟು ಹಾಕಿಕೊಂಡ. ನೀರು ಬಂದ ಮೇಲೆ ಆ ಕಡೆ ಒಮ್ಮೆಯೂ ಹೋಗಿಲ್ಲ, ಘತ್ತರಗಿಗೆ ದೇವಿಯ ದರ್ಶನಕ್ಕೆ ಹೋದರೂ ಹೊಳೆಯ ಕಡೆ ಬೆನ್ನು ಮಾಡಿ ನಿಲ್ಲುತ್ತೇನೆ, ಎಂದು ಹೇಳಿದ. ಹೊರಡುವಾಗ ಮತ್ತೊಮ್ಮೆ ನಕ್ಷೆಯ ಮುಂದೆ ಬಂದು ಮೂವತ್ತೆಂಟನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡ. ಕಲ್ಯಾಣಕುಮಾರ ಗೇಟಿನ ತನಕ ಹೋಗಿ ಕಳಿಸಿ ಬಂದ. ಎದೆ ಹಗುರಾಗಿತ್ತು; ಹಗುರಾದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಒಂದು ಸುಳ್ಳಿನ ಮುಂದೆ ಮೂರು ಜನ ಇಷ್ಟು ಸತ್ಯ ಆಡಬಹುದೆಂದು ಯಾವ ಸೆಮಿನಾರಿನಲ್ಲೂ ಅವನು ಕೇಳಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನು ಮತ್ತೆ ಪಡಸಾಲೆಗೆ ಬಂದಾಗ ಅಕ್ಕ ಸ್ನಾನ ಮಾಡಿದ ತಲೆಗೆ ಸೆರಗು ಹೊದ್ದು, ಬಟ್ಟಲಲ್ಲಿ ಹಾಲು, ಕೈಯಲ್ಲಿ ಗರಿಕೆ ಹಿಡಿದು ನಿಂತಿದ್ದಳು. ಹಿತ್ತಲಲ್ಲಿ ಮಣ್ಣಿನ ನಾಗಪ್ಪನಿಗೆ ಎರೆದು ಬಂದಿದ್ದಳು: ಗುರುವಿನ ಪಾಲು, ಲಿಂಗದ ಪಾಲು, ಅಪ್ಪನ ಪಾಲು. ಪ್ರತಿ ಪಂಚಮಿಗೆ ಹೆಣ್ಣುಮಕ್ಕಳು ಮನೆಮಂದಿಯ ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಪಾಲು ಹಾಲೆರೆಯುತ್ತಾರೆ. ಅವ್ವನದನ್ನು ಉಳಿಸಿಕೊಂಡು ಬಂದಿದ್ದಳು. ಇಷ್ಟು ವರ್ಷ ಅದನ್ನು ಎಲ್ಲಿ ಎರೆಯಬೇಕೆಂದು ತಿಳಿಯದೆ ತುಳಸಿಗೆ ಹಾಕುತ್ತಿದ್ದೆ, ಎಂದಳು. ಗಿಡ, ಬದು, ಹೊಲ ಎಲ್ಲ ಕಣ್ಣಿಗೆ ಕಟ್ಟಿದಂತಿವೆ, ಈ ನಕಾಶಿಯಲ್ಲಿ ಮಾತ್ರ ತನಗೆ ತಿಳಿಯುವುದಿಲ್ಲ, ನೀನೇ ಬರೋಬ್ಬರಿ ತೋರಿಸು, ಎಂದಳು.

ಕಲ್ಯಾಣಕುಮಾರ ಬೆರಳೆತ್ತಿದ. ಈಗ ಹೇಳಬೇಕು ಎಂದು ಒಳಗೆ ಏನೋ ಕೂಗಿತು. ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು: ಅಕ್ಕ ಬಟ್ಟಲು ಕೆಳಗಿಡುತ್ತಾಳೆ, ಚೀಲ ತೆಗೆದುಕೊಳ್ಳುತ್ತಾಳೆ, ಜೇವರ್ಗಿ ಬಸ್ಸು ಹಿಡಿಯುತ್ತಾಳೆ, ಮತ್ತೆ ಈ ಜನ್ಮದಲ್ಲಿ ಕಲ್ಯಾಣಿ ಎನ್ನುವುದಿಲ್ಲ. ಬೆರಳು ಗಾಜಿಗೆ ತಾಗಿತು. ಕೆಳಗೆ ಅರವತ್ತಮೂರು ಎಂದಿತ್ತು. ಅಕ್ಕ ಗರಿಕೆಯನ್ನು ಹಾಲಲ್ಲಿ ಅದ್ದಿ, ಅವನ ಬೆರಳಿನ ಪಕ್ಕಕ್ಕೇ ಮುಟ್ಟಿಸಿ, ಅವ್ವನ ಪಾಲು, ಎಂದಳು. ಹನಿ ಗಾಜಿನ ಮೇಲೆ ಜಾರಿ ದ್ವೀಪವನ್ನು ದಾಟಿ ಕೆಳಗಿಳಿಯಿತು. ಅವನಿಗೆ ಅಳು ಬಂತು. ತಡೆಯಲಿಲ್ಲ. ಅಕ್ಕ ಅವನ ತಲೆ ಮುಟ್ಟಿದಳು. ಅವ್ವ ಸತ್ತ ದಿನ ತಾನು ಅತ್ತಿರಲಿಲ್ಲವೆಂಬುದು ಆಗ ನೆನಪಾಯಿತು.

ಅಲ್ಲಿ ನೀರು ಎಷ್ಟು ಆಳ ಅದ, ಎಂದು ಕೇಳಿದಳು ಅಕ್ಕ.

ಇಡೀ ದಿನದಲ್ಲಿ ಆ ನಕ್ಷೆ ನಿಜವಾಗಿ ಉತ್ತರ ಹೇಳಬಲ್ಲಂಥ ಪ್ರಶ್ನೆ ಅದೊಂದೇ. ಉತ್ತರ ಅವನ ಬೆರಳಿನ ಕೆಳಗೇ ಇತ್ತು. ಅರವತ್ತಮೂರು ಮಾರು. ಊರ ಬಾವಿಯ ಮೇಲೆ ಬಾವಿ ಹತ್ತು ಪೇರಿಸಿದರೂ ಮುಟ್ಟದ ಆಳ, ಕತ್ತಲೆ, ತಣ್ಣಗೆ. ಅಲ್ಲಿ ಯಾರ ಅವ್ವನೂ ಇರಲು ಸಾಧ್ಯವಿಲ್ಲ. ಅವನು ಬೆರಳಿನಿಂದ ಅಂಕಿಯನ್ನು ಮುಚ್ಚಿಕೊಂಡ.

"ಭಾಳ ಇಲ್ಲಕ್ಕ," ಎಂದ. "ಮೊಣಕಾಲುದ್ದ ಅಷ್ಟ. ಬ್ಯಾಸಗ್ಯಾಗ ಅದೂ ಇರಂಗಿಲ್ಲ."

ಅಕ್ಕ ಅವನ ಮುಖವನ್ನೇ ನೋಡಿದಳು. ಇಷ್ಟು ವರ್ಷ ಅವಳು ಅವ್ವನನ್ನು ಎಷ್ಟು ನೀರಿನ ಕೆಳಗೆ ಎಣಿಸಿಕೊಂಡಿದ್ದಳೋ, ಮುಖದ ಬಿಗಿ ಎಲ್ಲ ಬಿಟ್ಟುಹೋಯಿತು. ಬಟ್ಟಲಲ್ಲಿ ಉಳಿದ ಹಾಲನ್ನು ಅವನ ಕೈಗೆ ಕೊಟ್ಟಳು.

"ಹಂಗಾದ್ರ ಬ್ಯಾಸಗಿಗಿ ಹೋಗೂಣು," ಎಂದಳು. "ಮಾಳಿಂಗಪ್ಪಗೂ ಹೇಳ್ತೇನಿ, ಅವನೂ ಬರಲಿ. ಗಿಡಾ ಕಡದಾರ, ಬದು ಕೊಚ್ಚಿ ಹೋಗ್ಯಾವ, ನಮಗ್ಯಾರಿಗೂ ಗುರ್ತ ಹತ್ತಂಗಿಲ್ಲ. ನೀ ಮುಂದ ನಡಿ, ನಾವು ನಿನ್ನ ಹಿಂದ ಬರ್ತೇವಿ. ಅವ್ವ ಎಲ್ಲಿ ಅದಾಳಂತ ಈಗ ನಿನಗೊಬ್ಬಗಷ್ಟ ಗೊತ್ತದ."